ಅಷ್ಟು ವೇಗದಲ್ಲಿ ಬಿದ್ದ ವಿಮಾನದ ಚೂರುಗಳಿಂದ ಏನು ತಿಳಿಯುತ್ತದೆ?

ನೀಲಿಬಾನು

ಎಲ್ಲರಿಗೂ ನಮಸ್ಕಾರ. ವಿಮಾನ ಅಪಘಾತಗಳ ತನಿಖೆ ಬಗ್ಗೆ ತಿಳಿದವರು ದಯವಿಟ್ಟು ಹೇಳಿ.

2019ರ ಮಾರ್ಚ್ 10ರಂದು ಇಥಿಯೋಪಿಯಾದ ಬಿಶೋಫ್ಟು ಹತ್ತಿರ ಬೋಯಿಂಗ್ 737 ಮ್ಯಾಕ್ಸ್ ವಿಮಾನ ಬಿದ್ದು 157 ಜನ ತೀರಿಕೊಂಡರು. ಆ ಜಾಗದ ಫೋಟೋಗಳಲ್ಲಿ ಕಾಣುವುದು ಹೊಲದಲ್ಲೊಂದು ದೊಡ್ಡ ಗುಂಡಿ, ಸುತ್ತ ಸಣ್ಣಸಣ್ಣ ಚೂರು. ರೆಕ್ಕೆ ಇಲ್ಲ, ಬಾಲ ಇಲ್ಲ, ಕಿಟಕಿಗಳ ಸಾಲು ಇಲ್ಲ. ಆದರೂ ಮೂರು ದಿನ ಕಳೆಯುವಷ್ಟರಲ್ಲಿ ಅಮೆರಿಕ ಆ ಮಾದರಿಯ ಹಾರಾಟವನ್ನೇ ನಿಲ್ಲಿಸಿತು. ಕೊಟ್ಟ ಕಾರಣಗಳಲ್ಲಿ ಒಂದು, ಸ್ಥಳದಲ್ಲಿ ಸಿಕ್ಕ ಹೊಸ ಪುರಾವೆ.

ಅಷ್ಟು ಪುಡಿಯಾದ ರಾಶಿಯಲ್ಲಿ ಪುರಾವೆ ಅಂತ ಏನು ಉಳಿದಿರುತ್ತದೆ? ಬ್ಲ್ಯಾಕ್ ಬಾಕ್ಸ್ ಸಿಗದಿದ್ದರೆ ಅಥವಾ ಅದು ಮೊದಲೇ ನಿಂತುಹೋಗಿದ್ದರೆ, ಚೂರುಗಳನ್ನು ಮಾತ್ರ ನೋಡಿ ಕಾರಣ ಹೇಳಲು ಸಾಧ್ಯವಾ?

ಸಂಖ್ಯಾಪ್ರಿಯ

ಮೊದಲು ಯಾಕೆ ಅಷ್ಟು ಪುಡಿಯಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ.

ಬೀಳುವಾಗ ವೇಗ ಸುಮಾರು ಗಂಟೆಗೆ 900 ಕಿ.ಮೀ. ಅಂದುಕೊಳ್ಳೋಣ, ಅಂದರೆ ಸೆಕೆಂಡಿಗೆ 250 ಮೀಟರ್. ಆ ವಿಮಾನದ ಉದ್ದ ಸುಮಾರು 40 ಮೀಟರ್. ಮೂತಿ ನೆಲ ಮುಟ್ಟಿದ ಮೇಲೆ ಬಾಲ ಅದೇ ಜಾಗಕ್ಕೆ ಬರಲು 0.16 ಸೆಕೆಂಡ್ ಸಾಕು. ಮೂತಿ ಪುಡಿಯಾಗುವ ಹೊತ್ತಿನಲ್ಲಿ ಬಾಲಕ್ಕೆ ಇನ್ನೂ ಏನೂ ಆಗಿರುವುದಿಲ್ಲ, ಅದು ಪೂರ್ತಿ ವೇಗದಲ್ಲೇ ಬರುತ್ತಿರುತ್ತದೆ. ಹಿಂದಿನ ಭಾಗ ಮುಂದಿನ ಭಾಗದೊಳಗೆ ನುಗ್ಗುತ್ತದೆ.

ಇಥಿಯೋಪಿಯಾದ ಪ್ರಾಥಮಿಕ ವರದಿ ಪ್ರಕಾರ ಗುಂಡಿಯ ಆಳ ಸುಮಾರು 10 ಮೀಟರ್, ಅಗಲ 28, ಉದ್ದ 40. ಸೆಕೆಂಡಿಗೆ 250 ಮೀಟರ್ ವೇಗ 10 ಮೀಟರ್ ಒಳಗೆ ಸೊನ್ನೆಗೆ ಬರಬೇಕಾದರೆ ಸರಾಸರಿ ಹೊಡೆತ ಗುರುತ್ವದ 300 ಪಟ್ಟಿಗೂ ಜಾಸ್ತಿ. ಇನ್ನೊಂದು ವಿಷಯ. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಇಳಿಯುವಾಗಿನ ವೇಗ 250 ಕಿ.ಮೀ. ಅಂದುಕೊಂಡರೆ 900ರಲ್ಲಿ ಅದೇ ವಿಮಾನದ ಶಕ್ತಿ ಸುಮಾರು 13 ಪಟ್ಟು. ರನ್‌ವೇ ಪಕ್ಕ ಬಿದ್ದ ವಿಮಾನದಲ್ಲಿ ಬಾಲ, ಸೀಟಿನ ಸಾಲು ಎಲ್ಲ ಉಳಿದಿರುವುದನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಇದು ನಂಬಲು ಕಷ್ಟ. ಅದಕ್ಕೆ ಕಾರಣ ಈ 13 ಪಟ್ಟು.

ಪ್ರಶ್ನಾರ್ಥಕ

ಲೆಕ್ಕ ಒಪ್ಪುತ್ತೇನೆ. ಆದರೆ ನನ್ನದೊಂದು ಹಳೆಯ ಅನುಮಾನ ಇದೆ, ಕೇಳಿಬಿಡುತ್ತೇನೆ. 2001ರ ಸೆಪ್ಟೆಂಬರ್ 11ರಂದು ಪೆನ್ಸಿಲ್ವೇನಿಯಾದ ಶಾಂಕ್ಸ್‌ವಿಲ್‌ನಲ್ಲಿ ಬಿದ್ದ ಯುನೈಟೆಡ್ 93 ನೋಡಿ. ಫೋಟೋದಲ್ಲಿ ವಿಮಾನ ಅಂತ ಹೇಳುವಂಥದ್ದೇನೂ ಕಾಣುವುದಿಲ್ಲ. ಎಂಟು ಮೈಲಿ ದೂರದ ಊರಿನಲ್ಲಿ ಕಾಗದ ಸಿಕ್ಕಿತು ಅಂತ ವರದಿಯಾಗಿತ್ತು. ಹಾಗಾದರೆ ವಿಮಾನ ಗಾಳಿಯಲ್ಲೇ ಒಡೆದಿರಬೇಕು ಅಲ್ವಾ? ನೆಲಕ್ಕೆ ಬಿದ್ದ ವಿಮಾನದ ಕಾಗದ ಎಂಟು ಮೈಲಿ ಹೇಗೆ ಹೋಗುತ್ತದೆ?

ಹಳೇ ರಿವೆಟ್

ಪ್ರಶ್ನಾರ್ಥಕ ಅವರೇ, ಒಳ್ಳೆಯ ಪ್ರಶ್ನೆ. ವಿಮಾನ ನಿರ್ವಹಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯಬೇಕು.

ಮೊದಲು, ವಿಮಾನ ಎಲ್ಲಿ ಹೋಯಿತು ಅನ್ನುವುದು. ಆ ಬೋಯಿಂಗ್ 757 ತಲೆಕೆಳಗಾಗಿ, ಮೂತಿ 40 ಡಿಗ್ರಿ ಕೆಳಗಾಗಿ, ಗಂಟೆಗೆ 900 ಕಿ.ಮೀ. ದಾಟಿದ ವೇಗದಲ್ಲಿ ಬಿತ್ತು. ಬಿದ್ದ ಜಾಗ ಹಿಂದೆ ಕಲ್ಲಿದ್ದಲು ಅಗೆದು, ಆಮೇಲೆ ಮಣ್ಣು ತುಂಬಿ ಮುಚ್ಚಿದ ನೆಲ. ಸಡಿಲ ಮಣ್ಣು. ಹಾಗಾಗಿ ಬಹಳಷ್ಟು ಭಾಗ ಒಳಗೆ ಇಳಿಯಿತು. ಹಾರಾಟದ ಮಾಹಿತಿ ದಾಖಲಿಸುವ ಪೆಟ್ಟಿಗೆ ಸಿಕ್ಕಿದ್ದು ಸುಮಾರು 15 ಅಡಿ ಆಳದಲ್ಲಿ. ಕಾಕ್‌ಪಿಟ್ ಧ್ವನಿ ದಾಖಲಿಸುವ ಪೆಟ್ಟಿಗೆ 25 ಅಡಿ ಆಳದಲ್ಲಿ. ಎರಡೂ ಇದ್ದದ್ದು ಬಾಲದ ಕಡೆ ಅನ್ನುವುದನ್ನು ನೆನಪಿಡಿ. ಬಾಲದಲ್ಲಿದ್ದ ವಸ್ತುವೇ ಅಷ್ಟು ಆಳಕ್ಕೆ ಹೋಗಿದೆ. ಮೇಲಿಂದ ತೆಗೆದ ಫೋಟೋದಲ್ಲಿ ಅದು ಕಾಣುವುದಿಲ್ಲ.

ಗಟ್ಟಿ ವಸ್ತುವಿಗೆ ಬಡಿದರೂ ಹೀಗೇ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ 1988ರಲ್ಲಿ ಒಂದು ಎಫ್-4 ಫ್ಯಾಂಟಮ್ ಯುದ್ಧವಿಮಾನವನ್ನು ರಾಕೆಟ್ ಬಂಡಿಯ ಮೇಲೆ ಕೂರಿಸಿ, ಸೆಕೆಂಡಿಗೆ 215 ಮೀಟರ್ ವೇಗದಲ್ಲಿ ಕಾಂಕ್ರೀಟ್ ದಿಮ್ಮಿಗೆ ಹೊಡೆಸಿತು. ನಿಧಾನಗತಿಯ ಚಿತ್ರೀಕರಣದಲ್ಲಿ ವಿಮಾನ ಮೂತಿಯಿಂದ ಬಾಲದವರೆಗೆ ಪುಡಿಯಾಗುತ್ತಾ ಹೋಗುತ್ತದೆ. ದಿಮ್ಮಿಗಿಂತ ಆಚೆಗೆ ಚಾಚಿಕೊಂಡಿದ್ದ ರೆಕ್ಕೆಯ ತುದಿಗಳು ಮಾತ್ರ ಹಾಗೇ ಮುಂದೆ ಹೋದವು. ವಿಮಾನ ಅಂದರೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆ, ನಡುವೆ ಗಾಳಿ. ಗಟ್ಟಿ ಅಂತ ಹೇಳಬಹುದಾದದ್ದು ಎಂಜಿನ್ನಿನ ಒಳಭಾಗ, ಚಕ್ರದ ಕಂಬ, ಕೆಲವು ಸ್ಟೀಲ್ ಮತ್ತು ಟೈಟಾನಿಯಂ ಜೋಡಣೆಗಳು, ಅಷ್ಟೇ.

ಈಗ ಕಾಗದ. ಅಪಘಾತದ ಜಾಗದಲ್ಲಿ ಯಾವ ವಸ್ತು ಎಷ್ಟು ದೂರ ಹೋಗಿದೆ ಅನ್ನುವುದನ್ನು ಅದರ ತೂಕದ ಜೊತೆ ಸೇರಿಸಿ ಓದಬೇಕು. ಕಾಗದ, ನೈಲಾನ್ ಬಟ್ಟೆ, ಇನ್ಸುಲೇಷನ್ (ಚಳಿ, ಸದ್ದು ತಡೆಯಲು ಒಳಗೋಡೆಗೆ ಹಾಕುವ ಹೊದಿಕೆ) ಚೂರು ಇವೆಲ್ಲ ಬೆಂಕಿಯ ಬಿಸಿಗಾಳಿಯಲ್ಲಿ ಮೇಲೆದ್ದು, ಗಾಳಿ ಬೀಸಿದ ಕಡೆ ತೇಲುತ್ತವೆ. ಶಾಂಕ್ಸ್‌ವಿಲ್‌ನಿಂದ ಎಂಟು ಮೈಲಿ ದೂರದ ನ್ಯೂ ಬಾಲ್ಟಿಮೋರ್‌ನಲ್ಲಿ ಸಿಕ್ಕಿದ್ದು ಇಂಥ ಹಗುರ ವಸ್ತುಗಳು. ಆ ಊರು ಇದ್ದದ್ದು ಗಾಳಿ ಬೀಸುತ್ತಿದ್ದ ದಿಕ್ಕಿನಲ್ಲಿ.

ಗಾಳಿಯಲ್ಲೇ ಒಡೆದ ವಿಮಾನದ ಹರಡುವಿಕೆ ಬೇರೆಯೇ ಥರ ಇರುತ್ತದೆ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಒಡೆದ ಪ್ಯಾನ್ ಆಮ್ 103 ನೋಡಿ. ರೆಕ್ಕೆಗಳು ಊರಿನ ಮನೆಗಳ ಮೇಲೆ ಬಿದ್ದು ದೊಡ್ಡ ಗುಂಡಿ ಮಾಡಿದವು. ಮೂತಿ ಸುಮಾರು 4 ಕಿ.ಮೀ. ದೂರದ ಟಂಡರ್‌ಗಾರ್ತ್‌ನ ಹೊಲದಲ್ಲಿ ಇಡಿಯಾಗಿ ಬಿದ್ದಿತ್ತು. ಒಟ್ಟು ಚೂರುಗಳು ಹರಡಿದ್ದು 2,000 ಚದರ ಕಿ.ಮೀ.ಗೂ ಜಾಸ್ತಿ ಜಾಗದಲ್ಲಿ. ಅಲ್ಲಿ ಭಾರದ, ದೊಡ್ಡ ಭಾಗಗಳೇ ಬೇರೆ ಬೇರೆ ಕಡೆ ಬಿದ್ದಿದ್ದವು. ವ್ಯತ್ಯಾಸ ಇರುವುದು ಇಲ್ಲಿ.

ಇದಕ್ಕೇ ತನಿಖಾ ತಂಡ ಸ್ಥಳಕ್ಕೆ ಹೋದ ಕೂಡಲೇ ನಾಲ್ಕು ಮೂಲೆ ಹುಡುಕುತ್ತದೆ. ಮೂತಿ, ಬಾಲ, ಎಡ ರೆಕ್ಕೆಯ ತುದಿ, ಬಲ ರೆಕ್ಕೆಯ ತುದಿ. ನಾಲ್ಕೂ ಒಂದೇ ಜಾಗದಲ್ಲಿ ಇದ್ದರೆ ವಿಮಾನ ಬೀಳುವಾಗ ಇಡಿಯಾಗಿತ್ತು. ಚೂರು ಅಂಗೈಯಷ್ಟೇ ಇದ್ದರೂ ಪರವಾಗಿಲ್ಲ. ರೆಕ್ಕೆ ತುದಿಯ ಹಸಿರು ದೀಪದ ಗಾಜು ಸಿಕ್ಕಿತು ಅಂದರೆ ಬಲ ರೆಕ್ಕೆಯ ತುದಿ ಅಲ್ಲಿತ್ತು. ಕೆಂಪು ಗಾಜು ಸಿಕ್ಕರೆ ಎಡ ರೆಕ್ಕೆ.

ನೀಲಿಬಾನು

ಹಿಂದೆ 2022ರ ಮಾರ್ಚ್‌ನಲ್ಲಿ ಚೀನಾದ ವುಝೌ ಬಳಿ ಬಿದ್ದ ಚೈನಾ ಈಸ್ಟರ್ನ್ ವಿಮಾನದ್ದು? ಅದರ ಒಂದು ಭಾಗ ಸುಮಾರು 12 ಕಿ.ಮೀ. ದೂರದಲ್ಲಿ ಸಿಕ್ಕಿತ್ತಲ್ಲ.

ಹಳೇ ರಿವೆಟ್

ಹೌದು, ಅದು ಬಲ ರೆಕ್ಕೆಯ ತುದಿಯ ವಿಂಗ್ಲೆಟ್‌ನ, ಅಂದರೆ ಮೇಲಕ್ಕೆ ಬಾಗಿರುವ ಸಣ್ಣ ರೆಕ್ಕೆಯ, ಹಿಂಬದಿ ಅಂಚು. ಕಾಗದಕ್ಕಿಂತ ಭಾರ, ಆದರೆ ಚಪ್ಪಟೆ. ಹಾಗಾಗಿ ಆ ಚೂರನ್ನು ಬೇರೆಯಾಗಿ ಓದಬೇಕು. ನೆಲಕ್ಕೆ ಬಡಿಯುವ ಮೊದಲೇ ಅದು ಕಿತ್ತುಹೋಗಿದೆ ಅನ್ನುವುದು ಖಚಿತ. ಆದರೆ ಅದೇ ಕಾರಣವಾ, ಅಥವಾ ಕೆಳಗೆ ನುಗ್ಗುವಾಗ ಮಿತಿಮೀರಿದ ವೇಗಕ್ಕೆ ಕಿತ್ತುಹೋಯಿತಾ ಅನ್ನುವುದು ಬೇರೆ ಪ್ರಶ್ನೆ. ಮೊದಲು ಬಿದ್ದದ್ದೆಲ್ಲ ಕಾರಣ ಆಗುವುದಿಲ್ಲ. ವಿಮಾನ ವಿನ್ಯಾಸದ ಮಿತಿ ಮೀರಿ ಹೋದಾಗ ತುದಿಯ ಭಾಗಗಳೇ ಮೊದಲು ಹೋಗುತ್ತವೆ.

ಬೀಳುವ ಕ್ರಮವೇ ಉತ್ತರ ಕೊಟ್ಟ ಅಪಘಾತವೂ ಇದೆ. 1996ರ ಜುಲೈ 17ರಂದು ನ್ಯೂಯಾರ್ಕ್ ಬಳಿ ಸಮುದ್ರಕ್ಕೆ ಬಿದ್ದ ಟಿಡಬ್ಲ್ಯೂಎ 800. ಸಮುದ್ರತಳದಲ್ಲಿ ಮೂರು ವಲಯ ಗುರುತು ಮಾಡಿದರು. ವಿಮಾನ ಹೊರಟ ಕಡೆಗೆ ಹತ್ತಿರದ ವಲಯದಲ್ಲಿ ಸಿಕ್ಕಿದ್ದು ನಡುವಿನ ಇಂಧನ ಟ್ಯಾಂಕಿನ ಮುಂಭಾಗದ ಚೂರುಗಳು. ಅದರ ಮುಂದೆ ವಿಮಾನದ ಮೂತಿ. ಇನ್ನೂ ಮುಂದೆ ರೆಕ್ಕೆ ಮತ್ತು ಹಿಂಭಾಗ. ಹಾಗಾದರೆ ಮೊದಲು ಒಡೆದದ್ದು ಎಲ್ಲಿ ಅಂತ ನಕ್ಷೆಯೇ ತೋರಿಸಿತು.

ಲೋಹಪರೀಕ್ಷಕಿ

ಇಲ್ಲಿ ನಾನೂ ಸೇರಿಕೊಳ್ಳುತ್ತೇನೆ. ಲೋಹ ಯಾಕೆ ಮುರಿಯಿತು ಅಂತ ನೋಡುವುದೇ ನನ್ನ ಕೆಲಸ. ವಿಮಾನದ್ದಲ್ಲ, ಬೇರೆ ಯಂತ್ರಗಳದ್ದು. ಆದರೆ ಓದುವ ರೀತಿ ಒಂದೇ.

ನೀಲಿಬಾನು ಅವರ ಮೊದಲ ಪ್ರಶ್ನೆಗೆ ಉತ್ತರ ನಿಜವಾಗಿ ಇಲ್ಲಿಂದ ಶುರುವಾಗುತ್ತದೆ. ಚೂರು ಎಷ್ಟು ಸಣ್ಣದು ಅನ್ನುವುದು ಜಾಸ್ತಿ ಮುಖ್ಯವಲ್ಲ. ಪ್ರತಿ ಚೂರಿಗೂ ಒಂದು ಅಂಚು ಇದೆ. ಆ ಅಂಚಿನಲ್ಲಿ ಅದು ಹೇಗೆ ಮುರಿಯಿತು ಅನ್ನುವುದು ಅಚ್ಚಾಗಿರುತ್ತದೆ. ಎರಡು ಮಿಲಿಮೀಟರ್ ಅಂಚಿದ್ದರೂ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಬೇಕಾದಷ್ಟಾಯಿತು.

ಒಂದೇ ಹೊಡೆತಕ್ಕೆ ಮುರಿದ ಲೋಹ ಎಳೆದು, ತೆಳ್ಳಗಾಗಿ, ಓರೆಯಾಗಿ ಹರಿದಿರುತ್ತದೆ. ಮೇಲ್ಮೈ ಒರಟು. ಅಪಘಾತದ ಜಾಗದಲ್ಲಿ ಹೆಚ್ಚಿನ ಮುರಿತಗಳು ಇಂಥವೇ, ಅವು ನೆಲಕ್ಕೆ ಬಡಿದಾಗ ಆದವು. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬಿರುಕು ಬೆಳೆದು ಮುರಿದ ಲೋಹ ಬೇರೆ. ಅದು ಚಪ್ಪಟೆ, ನಯ. ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಗೆರೆಗಳ ಹಾಗೆ ಅದರ ಮೇಲೆ ಬಾಗಿದ ಗೆರೆಗಳು ಒಂದರ ಪಕ್ಕ ಒಂದು ಇರುತ್ತವೆ. ಎಲ್ಲ ಗೆರೆಗಳೂ ಬಿರುಕು ಹುಟ್ಟಿದ ಬಿಂದುವಿನ ಕಡೆ ಬಾಗಿರುತ್ತವೆ. ಸಾವಿರಾರು ಚೂರುಗಳ ನಡುವೆ ಇಂಥ ಒಂದು ಅಂಚು ಸಿಕ್ಕರೆ ತನಿಖೆ ಅಲ್ಲಿಂದ ತಿರುಗುತ್ತದೆ. 1954ರಲ್ಲಿ ಎಲ್ಬಾ ದ್ವೀಪದ ಬಳಿ ಬಿದ್ದ ಕಾಮೆಟ್ ವಿಮಾನದಲ್ಲಿ ಆದದ್ದು ಇದೇ. ಸಮುದ್ರದಿಂದ ತೆಗೆದ ಚೂರುಗಳನ್ನು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಜೋಡಿಸಿದರು. ಚಾವಣಿಯಲ್ಲಿ ಆಂಟೆನಾಗಾಗಿ ಮಾಡಿದ್ದ ಕಿಟಕಿಯಂಥ ತೆರವಿನ ಮೂಲೆಯಲ್ಲಿ ಬಿರುಕು ಹುಟ್ಟಿತ್ತು.

ಆದರೆ ನನಗೆ ತುಂಬಾ ಮನಸ್ಸಿಗೆ ನಾಟಿದ ಉದಾಹರಣೆ 2000ದ ಜನವರಿ 31ರ ಅಲಾಸ್ಕಾ ಏರ್‌ಲೈನ್ಸ್ 261. ಕ್ಯಾಲಿಫೋರ್ನಿಯಾ ಕರಾವಳಿಯ ಸಮುದ್ರಕ್ಕೆ ಬಿತ್ತು, 88 ಜನ. ಬಾಲದ ಅಡ್ಡರೆಕ್ಕೆಯನ್ನು ಮೇಲೆ ಕೆಳಗೆ ಮಾಡುವುದು ಜ್ಯಾಕ್‌ಸ್ಕ್ರೂ ಅನ್ನುವ ಉದ್ದನೆಯ ಸ್ಟೀಲ್ ತಿರುಪು. ಅದು ಒಂದು ಕಂಚಿನ ನಟ್ ಒಳಗೆ ತಿರುಗುತ್ತದೆ. ಸಮುದ್ರದಿಂದ ಮೇಲೆ ತಂದಾಗ ಸ್ಕ್ರೂ ಸುತ್ತ ತೆಳ್ಳನೆಯ ಲೋಹದ ಸುರುಳಿ ಸುತ್ತಿಕೊಂಡಿತ್ತು. ನಟ್‌ನ ಒಳಗಿನ ಥ್ರೆಡ್ಡುಗಳೇ ಸವೆದು, ಕಿತ್ತು, ಸುರುಳಿಯಾಗಿ ಬಂದಿದ್ದವು. ಕೆಲಸ ಮಾಡುವ ಜಾಗದಲ್ಲಿ ಪ್ರಯೋಜನಕ್ಕೆ ಬರುವಂಥ ಗ್ರೀಸ್ ಇರಲಿಲ್ಲ. ಆ ಒಂದು ಭಾಗದಲ್ಲಿ ಇಡೀ ಕತೆ ಇತ್ತು. ನಿರ್ವಹಣೆಯಲ್ಲಿ ಗ್ರೀಸ್ ಹಾಕುವ ಅಂತರ ಹೆಚ್ಚಿಸಿದ್ದು, ಸವೆತ ಅಳೆಯುವ ಅಂತರ ಹೆಚ್ಚಿಸಿದ್ದು, ಕೊನೆಗೆ ಥ್ರೆಡ್ ಕೈಕೊಟ್ಟದ್ದು. ಒಂದು ಗ್ರೀಸ್ ಡಬ್ಬಿಯ ಕೆಲಸ ಸರಿಯಾಗಿ ಆಗಿದ್ದರೆ ಆ 88 ಜನ ಮನೆ ಸೇರುತ್ತಿದ್ದರು ಅನ್ನುವುದು ನೆನಪಾದಾಗಲೆಲ್ಲ ಸಂಕಟವಾಗುತ್ತದೆ.

ಸಂಖ್ಯಾಪ್ರಿಯ

ಮೇಡಂ, ಇಥಿಯೋಪಿಯಾದಲ್ಲಿ ಮೂರು ದಿನದೊಳಗೆ ಸಿಕ್ಕ ಪುರಾವೆಯೂ ಜ್ಯಾಕ್‌ಸ್ಕ್ರೂನೇ ಅಲ್ವಾ?

ಲೋಹಪರೀಕ್ಷಕಿ

ಹೌದು. ಅಲ್ಲಿ ಸ್ಕ್ರೂ ಸವೆದಿರಲಿಲ್ಲ. ಅಲ್ಲಿ ಮುಖ್ಯವಾದದ್ದು ಅದು ನಿಂತ ಜಾಗ. ಜ್ಯಾಕ್‌ಸ್ಕ್ರೂ ಗಟ್ಟಿ ಸ್ಟೀಲ್. ನಟ್ ಸ್ಕ್ರೂನ ಯಾವ ಜಾಗದಲ್ಲಿ ಇದೆ ಅಂತ ಅಳೆದರೆ ಬೀಳುವಾಗ ಅಡ್ಡರೆಕ್ಕೆ ಯಾವ ಕೋನದಲ್ಲಿತ್ತು ಅಂತ ಗೊತ್ತಾಗುತ್ತದೆ. ಹೊಡೆತಕ್ಕೆ ಅದು ತಿರುಗುವುದಿಲ್ಲ. ಎಳೆದರೆ, ಒತ್ತಿದರೆ ಜಾರದ ಹಾಗೆ ಥ್ರೆಡ್ ಮಾಡಿರುತ್ತಾರೆ. ಬಿಶೋಫ್ಟುನಲ್ಲಿ ಸಿಕ್ಕ ಸ್ಕ್ರೂ ಮೂತಿಯನ್ನು ಕೆಳಗೆ ಒತ್ತುವ ಸ್ಥಿತಿಯಲ್ಲಿತ್ತು. ಅದಕ್ಕೆ ನಾಲ್ಕು ತಿಂಗಳಿಗೂ ಸ್ವಲ್ಪ ಜಾಸ್ತಿ ಮೊದಲು, 2018ರ ಅಕ್ಟೋಬರ್‌ನಲ್ಲಿ, ಇಂಡೊನೇಷ್ಯಾದ ಲಯನ್ ಏರ್ 610 ಅದೇ ಮಾದರಿಯ ವಿಮಾನ ಬಿದ್ದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಎರಡಕ್ಕೂ ಕಾರಣ ಒಂದೇ ಅನ್ನುವ ಅನುಮಾನ ಗಟ್ಟಿಯಾಯಿತು.

ಪ್ರಶ್ನಾರ್ಥಕ

ಶಾಂಕ್ಸ್‌ವಿಲ್ ಬಗ್ಗೆ ಹಳೇ ರಿವೆಟ್ ಸರ್ ಬರೆದದ್ದು ಎರಡು ಸಲ ಓದಿದೆ. ತೂಕ ನೋಡಿ ಓದಬೇಕು ಅನ್ನುವುದು ನನಗೆ ಯಾರೂ ಹೇಳಿರಲಿಲ್ಲ. ಈಗ ಬೇರೆ ಪ್ರಶ್ನೆ. ಎಂಜಿನ್ ಬೀಳುವಾಗ ಓಡುತ್ತಿತ್ತಾ ಇಲ್ಲವಾ ಅಂತ ಹೇಗೆ ಹೇಳುತ್ತಾರೆ?

ಹಳೇ ರಿವೆಟ್

ಬ್ಲೇಡ್ ನೋಡಿ ಹೇಳುತ್ತಾರೆ. ಎಂಜಿನ್ ಜೋರಾಗಿ ತಿರುಗುತ್ತಿದ್ದಾಗ ನೆಲಕ್ಕೆ ಬಡಿದರೆ ಬ್ಲೇಡುಗಳೆಲ್ಲ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬಾಗುತ್ತವೆ, ಸುತ್ತಲೂ ಒಂದೇ ಥರ. ನಿಂತ ಎಂಜಿನ್ ಬಡಿದರೆ ಒಂದು ಕಡೆ ಮಾತ್ರ ಜಜ್ಜಿಹೋಗಿ, ಇನ್ನೊಂದು ಕಡೆಯ ಬ್ಲೇಡುಗಳು ಸುಮಾರಾಗಿ ನೆಟ್ಟಗೆ ಉಳಿಯುತ್ತವೆ. ಉರಿಯುತ್ತಿದ್ದ ಎಂಜಿನ್ ಆಗಿದ್ದರೆ ಒಳಗೆ ಹೋದ ಮಣ್ಣು, ಹುಲ್ಲು ಸುಟ್ಟಿರುತ್ತದೆ. ಕರಗಿದ ಅಲ್ಯೂಮಿನಿಯಂ ಟರ್ಬೈನ್ ಬ್ಲೇಡುಗಳ ಮೇಲೆ ಸಿಡಿದು ಅಂಟಿರುತ್ತದೆ.

ಹಳೆಯ ವಿಮಾನಗಳ ಮುಳ್ಳಿನ ಮೀಟರುಗಳು ಕೂಡ ಸಾಕ್ಷಿ. ಹೊಡೆತದ ಕ್ಷಣದಲ್ಲಿ ಮುಳ್ಳು ಮುಂದಕ್ಕೆ ಬಾಗಿ ಫಲಕಕ್ಕೆ ಬಡಿಯುತ್ತದೆ. ಮುಳ್ಳಿನ ಬಣ್ಣ ಫಲಕಕ್ಕೆ ಅಂಟುತ್ತದೆ. ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಆ ಗುರುತು ಹೊಳೆಯುತ್ತದೆ. ಮುಳ್ಳು ಆಮೇಲೆ ಎಲ್ಲಿಗೇ ತಿರುಗಿರಲಿ, ಗುರುತು ಇರುವ ಜಾಗವೇ ಆ ಕ್ಷಣದ ಸಂಖ್ಯೆ.

ಎಚ್ಚರಿಕೆ ದೀಪದ ಬಲ್ಬೂ ಹಾಗೆಯೇ. ಉರಿಯುತ್ತಿದ್ದ ಬಲ್ಬಿನ ತಂತಿ ಬಿಸಿಯಾಗಿ ಮೆತ್ತಗಿರುತ್ತದೆ. ಹೊಡೆತಕ್ಕೆ ಅದು ಎಳೆದು ಉದ್ದವಾಗುತ್ತದೆ. ಆರಿದ್ದ ಬಲ್ಬಿನ ತಂತಿ ತಣ್ಣಗಿದ್ದು ಪಟ್ಟನೆ ಮುರಿಯುತ್ತದೆ. ಇದರಿಂದ ಕಾಕ್‌ಪಿಟ್‌ನಲ್ಲಿ ಯಾವ ಎಚ್ಚರಿಕೆ ದೀಪ ಹೊತ್ತಿತ್ತು ಅಂತ ತಿಳಿಯುತ್ತದೆ.

ದಾರಿದೀಪ

ಎಲ್ಲ ಓದುತ್ತಿದ್ದೇನೆ. ಒಂದು ವಿಷಯ ಹೇಳದೆ ಇರಲಾಗುತ್ತಿಲ್ಲ. ನಾವು ಚೂರು ಅಂತ ಹೇಳುತ್ತಿರುವ ರಾಶಿಯೊಳಗೆ ಮನುಷ್ಯರೂ ಇದ್ದಾರೆ. ಅವರ ವಿಷಯ ಹೇಗೆ?

ಲೋಹಪರೀಕ್ಷಕಿ

ಖಂಡಿತ ಹೇಳಬೇಕಾದ ವಿಷಯ. ಇಷ್ಟು ವೇಗದ ಅಪಘಾತದಲ್ಲಿ ಗುರುತು ಹಿಡಿಯುವುದು ಹೆಚ್ಚಾಗಿ ಡಿಎನ್‌ಎ ಪರೀಕ್ಷೆಯಿಂದ. ಕುಟುಂಬದವರ ಮಾದರಿಯ ಜೊತೆ ಹೋಲಿಸುತ್ತಾರೆ. ತಿಂಗಳುಗಳೇ ಹಿಡಿಯುತ್ತದೆ. ಹಾಗಾಗಿ ಜಾಗದಲ್ಲಿ ಲೋಹ ಹುಡುಕುವ ಕೆಲಸಕ್ಕಿಂತ ಮೊದಲು ಮತ್ತು ಅದರ ಜೊತೆಗೇ ಈ ಕೆಲಸ ನಡೆಯುತ್ತದೆ. ಮಣ್ಣನ್ನು ಜರಡಿ ಹಿಡಿಯುವುದೂ ಇದಕ್ಕೇ.

ವೈದ್ಯರ ಪರೀಕ್ಷೆಯೂ ತನಿಖೆಗೆ ಸೇರುತ್ತದೆ. ಕಾಮೆಟ್ ಅಪಘಾತದಲ್ಲಿ ಇಟಲಿಯ ವೈದ್ಯರು ಶವಪರೀಕ್ಷೆ ಮಾಡಿದಾಗ ಶ್ವಾಸಕೋಶ ಹರಿದ ಗುರುತು ಕಂಡಿತು. ಕ್ಯಾಬಿನ್‌ನ ಗಾಳಿ ಒಂದೇ ಕ್ಷಣದಲ್ಲಿ ಹೊರಹೋಗಿದೆ ಅನ್ನುವ ಮೊದಲ ಸುಳಿವು ಅದೇ.

ಉಪ್ಪುಗಾಳಿ

ಬ್ಲ್ಯಾಕ್ ಬಾಕ್ಸ್ ಮೊದಲೇ ನಿಂತುಹೋದರೆ ಏನು ಅಂತ ನೀಲಿಬಾನು ಕೇಳಿದ್ದಕ್ಕೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ಅದಕ್ಕೆ ಸ್ವಿಸ್‌ಏರ್ 111ಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

1998ರ ಸೆಪ್ಟೆಂಬರ್ 2. ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಎಂಡಿ-11. ಸುಮಾರು ಐವತ್ತು ನಿಮಿಷ ಕಳೆದ ಮೇಲೆ ಕಾಕ್‌ಪಿಟ್‌ನಲ್ಲಿ ಏನೋ ವಾಸನೆ. ಪೈಲಟ್‌ಗಳು ಕೆನಡಾದ ಹ್ಯಾಲಿಫ್ಯಾಕ್ಸ್ ಕಡೆ ತಿರುಗಿಸಿದರು. ಬೆಂಕಿ ತಂತಿಗಳನ್ನು ತಿನ್ನುತ್ತಾ ಹೋಗಿ, ಸಮುದ್ರಕ್ಕೆ ಬೀಳುವ ಸುಮಾರು ಆರು ನಿಮಿಷ ಮೊದಲೇ ಎರಡೂ ರೆಕಾರ್ಡರ್‌ಗಳು ನಿಂತವು. ಕೊನೆಯ ಆರು ನಿಮಿಷದ ದಾಖಲೆ ಇಲ್ಲ. ಪೆಗ್ಗಿಸ್ ಕೋವ್ ಬಳಿ ವಿಮಾನ ನೀರಿಗೆ ಬಿತ್ತು. 229 ಜನರಲ್ಲಿ ಯಾರೂ ಉಳಿಯಲಿಲ್ಲ.

ನೀರು ಮೆತ್ತಗಿರುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರೆ ಇದನ್ನು ನೋಡಿ. ಸುಮಾರು 300 ನಾಟ್, ಅಂದರೆ ಗಂಟೆಗೆ 555 ಕಿ.ಮೀ. ವೇಗಕ್ಕೆ ವಿಮಾನ ಲಕ್ಷಾಂತರ ಚೂರಾಯಿತು. ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ಸಮುದ್ರತಳದಿಂದ ತೂಕದ ಲೆಕ್ಕದಲ್ಲಿ ಸುಮಾರು 98 ಶೇಕಡಾ ಮೇಲೆ ತಂದಿತು. ಮುಳುಗುಗಾರರು, ಹಡಗುಗಳು, ಕೊನೆಗೆ ತಳವನ್ನೇ ಹೀರಿ ಎತ್ತುವ ಡ್ರೆಜರ್. ವರ್ಷಗಟ್ಟಲೆ ವಿಂಗಡಿಸಿದರು. ವಿಮಾನದ ಮುಂಭಾಗದ ಸುಮಾರು 10 ಮೀಟರನ್ನು ಒಂದು ಚೌಕಟ್ಟಿನ ಮೇಲೆ ಚೂರು ಚೂರಾಗಿ ಜೋಡಿಸಿದರು.

ಆ ಚೌಕಟ್ಟು ಏನು ಹೇಳಿತು ಗೊತ್ತಾ? ಎಲ್ಲಿ ಎಷ್ಟು ಬಿಸಿಯಾಗಿತ್ತು ಅಂತ. ಅಲ್ಯೂಮಿನಿಯಂ ಮೇಲಿನ ಬಣ್ಣದ ಲೇಪ ಬಿಸಿ ಏರಿದಂತೆ ಹಂತಹಂತವಾಗಿ ಬಣ್ಣ ಬದಲಿಸುತ್ತದೆ. ಅದನ್ನು ಪ್ರಯೋಗಾಲಯದಲ್ಲಿ ಬಿಸಿ ಮಾಡಿದ ಮಾದರಿಗಳ ಜೊತೆ ಹೋಲಿಸಬಹುದು. ಕಾಕ್‌ಪಿಟ್‌ನ ಹಿಂಗೋಡೆಯ ಹತ್ತಿರ, ಬಲಗಡೆ ಚಾವಣಿಯ ಮೇಲೆ ಬೆಂಕಿ ಶುರುವಾಗಿತ್ತು. ಅಲ್ಲಿನ ತಂತಿಗಳ ತಾಮ್ರದಲ್ಲಿ ಸಣ್ಣ ಮಣಿಯಂಥ ಕರಗಿದ ಗುರುತುಗಳು ಸಿಕ್ಕವು. ವಿದ್ಯುತ್ ಕಿಡಿ ಹಾರಿದರೆ ತಾಮ್ರ ಒಂದು ಬಿಂದುವಿನಲ್ಲಿ ಮಾತ್ರ ಕರಗಿ ಮಣಿಯಾಗುತ್ತದೆ. ಸುಮ್ನೆ ಬೆಂಕಿಯಲ್ಲಿ ಸುಟ್ಟ ತಂತಿ ಹಾಗಾಗುವುದಿಲ್ಲ. ಅಂಥ ಒಂದು ಮಣಿ ಪ್ರಯಾಣಿಕರ ಮನರಂಜನಾ ವ್ಯವಸ್ಥೆಯ ವಿದ್ಯುತ್ ತಂತಿಯಲ್ಲಿತ್ತು. ಹತ್ತಿರದಲ್ಲೇ ಇದ್ದ ಇನ್ಸುಲೇಷನ್ ಹೊದಿಕೆಗೆ ಬೆಂಕಿ ಹತ್ತಿ ಹರಡಿತು. ಆ ಹೊದಿಕೆ ಆಗಿನ ಪರೀಕ್ಷೆಯಲ್ಲಿ ಪಾಸಾಗಿದ್ದ ವಸ್ತು. ಮಂಡಳಿ ಎಷ್ಟು ಜಾಗರೂಕವಾಗಿ ಬರೆದಿದೆ ಅಂದರೆ, ಆ ಒಂದು ತಂತಿಯೇ ಏಕೈಕ ಕಾರಣ ಅಂತ ಹೇಳಲಿಲ್ಲ. ಬೇರೆ ತಂತಿಯೂ ಸೇರಿರಬಹುದು ಅಂತ ಬಾಗಿಲು ತೆರೆದಿಟ್ಟಿತು. 2003ರ ಮಾರ್ಚ್‌ನಲ್ಲಿ ವರದಿ ಬಂತು.

ಆ ಕೊನೆಯ ಆರು ನಿಮಿಷದ ಬಗ್ಗೆಯೂ ಚೂರುಗಳು ಮಾತಾಡಿದವು. ಹೆಚ್ಚುವರಿಯಾಗಿ ಇಟ್ಟಿರುವ ಸಣ್ಣ ಮೀಟರಿನಲ್ಲಿ ವಿಮಾನ 20 ಡಿಗ್ರಿ ಮೂತಿ ಕೆಳಗಾಗಿ, 110 ಡಿಗ್ರಿ ಬಲಕ್ಕೆ ಹೊರಳಿದ್ದ ಗುರುತು ಉಳಿದಿತ್ತು. ಎರಡನೇ ಎಂಜಿನ್‌ನ ಕಂಪ್ಯೂಟರಿನ ಮೆಮೊರಿ ಚಿಪ್‌ನಿಂದ, ಬೀಳುವ ಸುಮಾರು ಒಂದು ನಿಮಿಷ ಮೊದಲು ಪೈಲಟ್‌ಗಳು ಆ ಎಂಜಿನ್ ಆಫ್ ಮಾಡಿದ್ದು ತಿಳಿಯಿತು. ಅಂದರೆ ಕೊನೆಯವರೆಗೂ ಅವರು ಹೋರಾಡುತ್ತಿದ್ದರು. ರೆಕಾರ್ಡರ್ ಇಲ್ಲದಿದ್ದರೂ ಇದು ನಮಗೆ ಗೊತ್ತು.

ನೀಲಿಬಾನು

ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಧನ್ಯವಾದ ಉಪ್ಪುಗಾಳಿ. ಆಕಾಶದಲ್ಲೇ ಹತ್ತಿದ ಬೆಂಕಿಗೂ ಬಿದ್ದ ಮೇಲೆ ಹತ್ತಿದ ಬೆಂಕಿಗೂ ವ್ಯತ್ಯಾಸ ಹೇಗೆ ತಿಳಿಯುತ್ತದೆ? ಎರಡರಲ್ಲೂ ಮಸಿ ಇರುತ್ತದೆ ಅಲ್ವಾ?

ಲೋಹಪರೀಕ್ಷಕಿ

ಸುಕ್ಕಾದ ಲೋಹದ ಹಾಳೆಯನ್ನು ಬಿಡಿಸಿ ನೋಡಬೇಕು. ಮಡಿಕೆಯ ಒಳಗೂ ಮಸಿ ಇದ್ದರೆ ಸುಕ್ಕಾಗುವ ಮೊದಲೇ ಬೆಂಕಿ ಇತ್ತು. ಹೊರಗೆ ಮಾತ್ರ ಮಸಿ, ಮಡಿಕೆಯ ಒಳಗೆ ಹೊಳೆಯುವ ಲೋಹ ಇದ್ದರೆ ಬೆಂಕಿ ಆಮೇಲಿನದು. ಹಾಗೆಯೇ ಅಕ್ಕಪಕ್ಕದ ಎರಡು ಚೂರು ಜೋಡಿಸಿದಾಗ ಒಂದು ಕಪ್ಪು, ಇನ್ನೊಂದು ಸ್ವಚ್ಛ ಅಂತಾದರೆ ಬೇರೆಯಾದ ಮೇಲೆ ಸುಟ್ಟಿದೆ. ಹಾರಾಟದಲ್ಲಿ ಹತ್ತಿದ ಬೆಂಕಿಯ ಮಸಿ ಗಾಳಿಯ ದಿಕ್ಕಿನಲ್ಲಿ ಹಿಂದಕ್ಕೆ ಎಳೆದುಕೊಂಡು ಹೋಗಿರುತ್ತದೆ, ರಿವೆಟ್ ತಲೆಗಳ ಹಿಂದೆ ನೆರಳಿನಂತೆ ಖಾಲಿ ಜಾಗ ಬಿಟ್ಟು.

ಪ್ರಶ್ನಾರ್ಥಕ

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಿ. ಚೂರುಗಳು ಸುಮ್ಮನಿದ್ದ ಅಪಘಾತಗಳು ಇಲ್ಲವಾ? ಎಲ್ಲಾ ಸಲವೂ ಉತ್ತರ ಸಿಗುತ್ತದೆ ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಹಳೇ ರಿವೆಟ್

ಇವೆ. ಅದನ್ನು ಮುಚ್ಚಿಡಬಾರದು.

1994ರ ಸೆಪ್ಟೆಂಬರ್ 8ರಂದು ಪಿಟ್ಸ್‌ಬರ್ಗ್ ಬಳಿ ಯುಎಸ್‌ಏರ್ 427, ಬೋಯಿಂಗ್ 737, ಹೆಚ್ಚುಕಡಿಮೆ ನೆಟ್ಟಗೆ ಕೆಳಗೆ ಬಿತ್ತು. 132 ಜನ. 1991ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಇಂಥದ್ದೇ ಒಂದು ಆಗಿ 25 ಜನ ಹೋಗಿದ್ದರು, ಆಗ ಕಾರಣ ಸಿಕ್ಕಿರಲಿಲ್ಲ. ಈ ಸಲ ಅನುಮಾನ ಬಾಲದ ರಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಹಲಗೆ, ಅದನ್ನು ಆಡಿಸುವ ಹೈಡ್ರಾಲಿಕ್ ಘಟಕದ ಮೇಲೆ ಬಂತು. ಆ ಘಟಕ ಸಿಕ್ಕಿತು. ತೆರೆದು ನೋಡಿದರು. ಒಳಗಿನ ವಾಲ್ವ್‌ನಲ್ಲಿ ಸಿಕ್ಕಿಕೊಂಡ ಗುರುತು ಇಲ್ಲ, ಗೀರು ಇಲ್ಲ. ಲೋಹ ಏನೂ ಹೇಳಲಿಲ್ಲ.

ಹಾಗಂತ ಅವರು ಫೈಲ್ ಮುಚ್ಚಲಿಲ್ಲ. ತಣ್ಣಗಾದ ಘಟಕಕ್ಕೆ ಬಿಸಿ ಹೈಡ್ರಾಲಿಕ್ ದ್ರವ ಬಿಟ್ಟು ಪರೀಕ್ಷೆ ಮಾಡಿದರು. ವಾಲ್ವ್ ಸಿಕ್ಕಿಕೊಂಡಿತು. ಹಾಗೆ ಸಿಕ್ಕಿಕೊಂಡಾಗ ರಡರ್ ಪೈಲಟ್ ತುಳಿದ ಕಡೆಗೆ ಬಿಟ್ಟು ಅದರ ವಿರುದ್ಧ ದಿಕ್ಕಿಗೆ ತಿರುಗಬಹುದು ಅನ್ನುವುದು ಹೊರಬಂತು. ಅದು ಗುರುತು ಬಿಡದೆಯೂ ಆಗಬಹುದು. ವರದಿ ಬಂದದ್ದು 1999ರಲ್ಲಿ, ನಾಲ್ಕೂವರೆ ವರ್ಷ ಕಳೆದ ಮೇಲೆ. ಆಮೇಲೆ 737ಗಳ ರಡರ್ ವ್ಯವಸ್ಥೆಯನ್ನೇ ಬದಲಿಸಿದರು. ನನ್ನ ಅಭಿಪ್ರಾಯದಲ್ಲಿ ತನಿಖೆಯ ಇತಿಹಾಸದಲ್ಲಿ ಇದಕ್ಕಿಂತ ತಾಳ್ಮೆಯ ಕೆಲಸ ಕಡಿಮೆ.

ಇನ್ನೊಂದು ಮಿತಿ ಮನುಷ್ಯನ ಮನಸ್ಸು. 1997ರ ಡಿಸೆಂಬರ್ 19ರಂದು ಸುಮಾತ್ರಾದ ಮುಸಿ ನದಿಗೆ ಬಿದ್ದ ಸಿಲ್ಕ್‌ಏರ್ 185. 104 ಜನ. ಎರಡೂ ರೆಕಾರ್ಡರ್‌ಗಳು ಬೀಳುವ ಮೊದಲೇ ನಿಂತಿದ್ದವು. ನದಿಯಿಂದ ತೆಗೆದ ಜ್ಯಾಕ್‌ಸ್ಕ್ರೂ ಮೂತಿಯನ್ನು ಕೆಳಗೆ ಒತ್ತುವ ಕೊನೆಯ ತುದಿಯಲ್ಲಿತ್ತು. ಅದು ಎಲ್ಲಿ ನಿಂತಿತ್ತು ಅಂತ ಲೋಹ ಹೇಳುತ್ತದೆ. ಅಲ್ಲಿಗೆ ಯಾರು ತಂದರು, ಯಾಕೆ ತಂದರು ಅಂತ ಹೇಳುವುದಿಲ್ಲ. ಇಂಡೊನೇಷ್ಯಾದ ತನಿಖೆ ಕಾರಣ ನಿರ್ಧರಿಸಲಾಗಲಿಲ್ಲ ಅಂದಿತು. ಅಮೆರಿಕದ ತಂಡ ಉದ್ದೇಶಪೂರ್ವಕ ಅಂದಿತು. ಒಂದೇ ಸ್ಕ್ರೂ ನೋಡಿ ಎರಡು ಮಾತು.

ಸಂಖ್ಯಾಪ್ರಿಯ

ಇದಕ್ಕೆ ಪೂರಕವಾಗಿ ಏರ್ ಫ್ರಾನ್ಸ್ 447 ಸೇರಿಸುತ್ತೇನೆ. 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿತ್ತು, 228 ಜನ. ರೆಕಾರ್ಡರ್ ಸಿಕ್ಕಿದ್ದು 2011ರ ಮೇ ತಿಂಗಳಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ. ಆದರೆ ಫ್ರಾನ್ಸಿನ ತನಿಖಾ ಸಂಸ್ಥೆ ಸುಮಾರು ಒಂದು ತಿಂಗಳಲ್ಲೇ, ತೇಲುತ್ತಿದ್ದ ಚೂರುಗಳನ್ನು ನೋಡಿ, ವಿಮಾನ ಇಡಿಯಾಗಿಯೇ ಹೊಟ್ಟೆ ಕೆಳಗಾಗಿ ನೀರಿಗೆ ಬಡಿದಿದೆ ಅಂದಿತ್ತು. ವಸ್ತುಗಳೆಲ್ಲ ಕೆಳಗಿನಿಂದ ಮೇಲಕ್ಕೆ ಜಜ್ಜಿದ್ದವು. ಆಮ್ಲಜನಕದ ಮಾಸ್ಕುಗಳು ಹೊರಬಂದಿರಲಿಲ್ಲ, ಅಂದರೆ ಕ್ಯಾಬಿನ್ ಒತ್ತಡ ಹೋಗಿರಲಿಲ್ಲ. ಎರಡು ವರ್ಷ ಆದ ಮೇಲೆ ರೆಕಾರ್ಡರ್ ಅದನ್ನೇ ಹೇಳಿತು. ಮೂತಿ 16 ಡಿಗ್ರಿ ಮೇಲೆ, ಕೆಳಗೆ ಬೀಳುವ ವೇಗ ನಿಮಿಷಕ್ಕೆ ಸುಮಾರು 10,900 ಅಡಿ. ಯಾಕೆ ಹಾಗೆ ಬಿತ್ತು ಅನ್ನುವುದು ಮಾತ್ರ ರೆಕಾರ್ಡರ್ ಬಂದ ಮೇಲೆಯೇ ಗೊತ್ತಾಯಿತು.

ನೀಲಿಬಾನು

ಕೊನೆಯ ಪ್ರಶ್ನೆ. ಈಗ ಕಾಕ್‌ಪಿಟ್‌ನಲ್ಲಿ ಮುಳ್ಳಿನ ಮೀಟರ್ ಇಲ್ಲ, ಬಲ್ಬ್ ಬದಲು ಎಲ್‌ಇಡಿ. ಅಲ್ಯೂಮಿನಿಯಂ ಬದಲು ಕಾರ್ಬನ್ ಫೈಬರ್ ಬರುತ್ತಿದೆ. ಮುಂದೆ ಚೂರುಗಳನ್ನು ಓದುವುದು ಕಷ್ಟವಾಗುತ್ತದಾ?

ಲೋಹಪರೀಕ್ಷಕಿ

ಬೇರೆಯಾಗುತ್ತದೆ. ಕಾರ್ಬನ್ ಫೈಬರ್‌ನಲ್ಲಿ ಲೋಹದ ಆ ಗೆರೆಗಳು ಹಾಗೇ ಸಿಗುವುದಿಲ್ಲ. ಎಳೆತಕ್ಕೆ ಮುರಿಯಿತಾ, ಒತ್ತಡಕ್ಕೆ ಮುರಿಯಿತಾ ಅನ್ನುವುದು ಎಳೆಗಳ ತುದಿಯಲ್ಲಿ ತಿಳಿಯುತ್ತದೆ. ಆದರೆ ಬೆಂಕಿ ಬಿದ್ದರೆ ಅಂಟು ಸುಟ್ಟುಹೋಗಿ ಎಳೆಗಳು ಮಾತ್ರ ಉಳಿಯುತ್ತವೆ, ಆಗ ಓದುವುದು ನಿಜವಾಗಿಯೂ ಕಷ್ಟ. ಬೆಂಕಿ ಮುಟ್ಟದ ಭಾಗ ಸಿಕ್ಕರೆ ಚೆನ್ನಾಗಿಯೇ ಓದಬಹುದು. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಬಿದ್ದ ಅಮೆರಿಕನ್ 587ರ ಬಾಲದ ನಿಂತ ರೆಕ್ಕೆ ನೀರಿಗೆ ಬಿದ್ದಿತ್ತು. ಅದರ ಬುಡದ ಕಾರ್ಬನ್ ಜೋಡಣೆಗಳನ್ನು ನೋಡಿ, ಹಳೆಯ ಬಿರುಕು ಇರಲಿಲ್ಲ, ವಿನ್ಯಾಸದ ಮಿತಿ ಮೀರಿದ ಎಳೆತಕ್ಕೆ ಮುರಿಯಿತು ಅಂತ ತೀರ್ಮಾನಿಸಿದರು.

ಹಳೇ ರಿವೆಟ್

ಬಲ್ಬಿನ ಜಾಗವನ್ನು ಚಿಪ್ ತುಂಬಿದೆ. ಈಗ ಎಂಜಿನ್ ಕಂಪ್ಯೂಟರ್, ನೆಲದ ದೂರ ಎಚ್ಚರಿಸುವ ಯಂತ್ರ, ಹೀಗೆ ಹತ್ತಾರು ಪೆಟ್ಟಿಗೆಗಳಲ್ಲಿ ವಿದ್ಯುತ್ ಹೋದರೂ ಅಳಿಯದ ಮೆಮೊರಿ ಇರುತ್ತದೆ. ಅವು ಬ್ಲ್ಯಾಕ್ ಬಾಕ್ಸ್‌ನಷ್ಟು ಗಟ್ಟಿ ಅಲ್ಲ. ರೆಕಾರ್ಡರ್‌ನ ಕವಚ ಗುರುತ್ವದ 3,400 ಪಟ್ಟು ಹೊಡೆತ, 1,100 ಡಿಗ್ರಿ ಬೆಂಕಿ ಒಂದು ಗಂಟೆ ತಡೆಯಬೇಕು ಅನ್ನುವ ನಿಯಮ ಇದೆ, ಇವಕ್ಕೆ ಅಂಥ ಕವಚ ಇಲ್ಲ. ಆದರೂ ಸರ್ಕ್ಯೂಟ್ ಬೋರ್ಡ್ ಮುರಿದಿದ್ದರೂ ಚಿಪ್ ಒಂದು ಉಳಿದಿದ್ದರೆ ಅದನ್ನು ಬಿಚ್ಚಿ ಬೇರೆ ಬೋರ್ಡಿಗೆ ಹಾಕಿ ಓದುತ್ತಾರೆ. ಹಾಗಾಗಿ ಈಗ ಸ್ಥಳದಲ್ಲಿ ಹುಡುಕುವವರು ಉಗುರಿನಷ್ಟು ಹಸಿರು ಬೋರ್ಡಿನ ಚೂರನ್ನೂ ಬಿಡುವುದಿಲ್ಲ. ಎಲ್ಲಿ ಸಿಕ್ಕಿತು ಅಂತ ಜಾಗ ಬರೆದು, ಫೋಟೋ ತೆಗೆದು, ಆಮೇಲೆಯೇ ಎತ್ತುತ್ತಾರೆ.

ದಾರಿಹೋಕರಿಗೂ ಒಂದು ಮಾತು. ಎಲ್ಲಾದರೂ ಇಂಥ ಚೂರು ಕಂಡರೆ ಎತ್ತಬೇಡಿ, ಇದ್ದಲ್ಲೇ ಬಿಟ್ಟು ತಿಳಿಸಿ. ಜಾಗ ಬದಲಾದರೆ ಅರ್ಧ ಮಾಹಿತಿ ಹೋಯಿತು. ಸುಟ್ಟ ಕಾರ್ಬನ್ ಫೈಬರ್‌ನ ಪುಡಿ ಉಸಿರಿಗೆ ಕೆಟ್ಟದ್ದು, ಚರ್ಮಕ್ಕೂ ಚುಚ್ಚುತ್ತದೆ. ತನಿಖೆಯವರೇ ಮಾಸ್ಕ್, ಕೈಗವಸು ಇಲ್ಲದೆ ಹತ್ತಿರ ಹೋಗುವುದಿಲ್ಲ.